ಹಳೆಯ ಕಾರಿನ ಒಳಪೆಟ್ಟು: ನೋಡಬೇಕಾದದ್ದು ಎಲ್ಲಿ, ಅಳೆಯಬೇಕಾದದ್ದು ಹೇಗೆ?

ನೀರ್ಚಾಲಿನ ಮಾಷ್ಟ್ರು

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರ ಒಂದು ಹಳೆಯ ಕಾರನ್ನು ನೋಡಿ ಬಂದಿದ್ದೇನೆ. 2018ರ ಸಣ್ಣ ಹ್ಯಾಚ್‌ಬ್ಯಾಕ್, ಪೆಟ್ರೋಲ್ ಎಂಜಿನ್, ಕೇರಳದ ಕಾಸರಗೋಡಿನ ಕೆಎಲ್ 14 ನೋಂದಣಿ. ಈಗಿನ ಮಾಲೀಕರು ಎರಡನೆಯವರು. ಎಂಜಿನ್ನಿನ ಸದ್ದು ಚೆನ್ನಾಗಿದೆ, ಎಸಿ ಬೇಗನೆ ತಂಪಾಗುತ್ತದೆ, ಬಣ್ಣ ಹೊಳೆಯುತ್ತದೆ. ಆದರೆ ಬಾನೆಟ್ ಎತ್ತಿದಾಗ ಬಲಬದಿಯ ಫೆಂಡರಿನ (ಮುಂದಿನ ಚಕ್ರದ ಮೇಲಿನ ತಗಡು) ಬೋಲ್ಟುಗಳ ತಲೆಯಲ್ಲಿ ಬಣ್ಣ ಎದ್ದಿರುವುದು ಕಂಡಿತು. ಬಾನೆಟ್ಟಿಗೂ ಫೆಂಡರಿಗೂ ನಡುವಿನ ಸಂದು ಎಡಗಡೆಗಿಂತ ಬಲಗಡೆ ಸ್ವಲ್ಪ ಕಿರಿದಾಗಿತ್ತು. ಕೇಳಿದಾಗ ಮಾಲೀಕರು, "ಮೊದಲಿನವರ ಕಾಲದಲ್ಲಿ ಗೇಟಿನ ಕಂಬಕ್ಕೆ ತಾಗಿತ್ತಂತೆ, ಫೆಂಡರ್ ಬದಲಾಯಿಸಿದ್ದಾರೆ, ಅಷ್ಟೇ" ಎಂದರು. ಅವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನಿಸಲಿಲ್ಲ. ಆದರೆ ಅವರಿಗೇ ಗೊತ್ತಿಲ್ಲದ ಸಂಗತಿ ಒಳಗಿರಬಹುದೇ ಎಂಬ ಸಂಶಯ ಉಳಿದಿದೆ.

ನನ್ನ ತಂದೆಗೆ 78 ವರ್ಷ. ತಿಂಗಳಿಗೆ ಎರಡು ಸಲವಾದರೂ ಸೀತಾಂಗೋಳಿ, ಕುಂಬಳೆಗಾಗಿ ಹೆದ್ದಾರಿ ಹಿಡಿದು ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಹೋಗಬೇಕು. ಹೆದ್ದಾರಿ 66 ಅಗಲವಾದ ಮೇಲೆ ವಾಹನಗಳ ವೇಗ ಹೇಗಿದೆಯೆಂಬುದು ನಿಮಗೆಲ್ಲ ತಿಳಿದದ್ದೇ. ಹಾಗಾಗಿ ಅಂದಕ್ಕಿಂತ ಗಟ್ಟಿತನದ ಬಗ್ಗೆಯೇ ನನ್ನ ಚಿಂತೆ. ಮೇಲ್ಮೈಯ ಗೀರಿಗೂ ಒಳಗಿನ ಪೆಟ್ಟಿಗೂ ಇರುವ ವ್ಯತ್ಯಾಸವನ್ನು ನನ್ನಂಥವನು ಹೇಗೆ ಕಂಡುಕೊಳ್ಳಬಹುದು? ಮುಂಗಡ ಇನ್ನೂ ಕೊಟ್ಟಿಲ್ಲ.

ಉಪ್ಪಳದ ಬಾಡಿ ಕೆಲಸದವ

ಮಾಷ್ಟ್ರೇ, ನಿಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ಬಂದಿದೆ. ನಾನು ಶಾರ್ಜಾದಲ್ಲಿ 14 ವರ್ಷ, ಊರಿಗೆ ಬಂದ ಮೇಲೆ 17 ವರ್ಷ ಟಿಂಕರಿಂಗ್ ಮತ್ತು ಬಾಡಿ ಕೆಲಸವನ್ನೇ ಮಾಡಿದವನು. ಬೋಲ್ಟಿನಲ್ಲಿ ಬಣ್ಣ ಎದ್ದಿದೆ ಎಂಬ ಒಂದೇ ಕಾರಣಕ್ಕೆ ಕಾರನ್ನು ಬಿಡಬೇಡಿ, ಬಣ್ಣ ಎದ್ದಿಲ್ಲ ಎಂಬ ಒಂದೇ ಕಾರಣಕ್ಕೆ ಕೊಳ್ಳಲೂ ಬೇಡಿ.

ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕಾರಿನ ಮೈಯಲ್ಲಿ ಬೋಲ್ಟು ಹಾಕಿ ಕೂರಿಸಿದ ಭಾಗಗಳಿವೆ, ಬೆಸುಗೆ ಹಾಕಿ ಸೇರಿಸಿದ ಭಾಗಗಳಿವೆ. ಬಾನೆಟ್, ಮುಂದಿನ ಫೆಂಡರ್, ನಾಲ್ಕು ಬಾಗಿಲು, ಡಿಕ್ಕಿಯ ಮುಚ್ಚಳ, ಬಂಪರ್ ಇವೆಲ್ಲ ಬೋಲ್ಟಿನವು. ಇವನ್ನು ಬದಲಾಯಿಸಿದ್ದರೆ ಕಾರಿನ ಬೆಲೆ ಸ್ವಲ್ಪ ಇಳಿಯಬಹುದು, ಗಟ್ಟಿತನ ಇಳಿಯುವುದಿಲ್ಲ. ಏಪ್ರನ್ (ಫೆಂಡರಿನ ಒಳಗಿರುವ ತಗಡಿನ ಗೋಡೆ), ಅದರ ಕೆಳಗೆ ಉದ್ದಕ್ಕೆ ಹೋಗುವ ಚಾಸಿ ಲೆಗ್, ಶಾಕ್ ಅಬ್ಸಾರ್ಬರ್ ಕೂರುವ ಗೋಪುರ, ಮಾಡನ್ನು ಹೊರುವ ಪಿಲ್ಲರುಗಳು, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಹಿಂದಿನ ಚಕ್ರದ ಮೇಲಿನ ಕ್ವಾರ್ಟರ್ ಪ್ಯಾನೆಲ್, ನೆಲ ಮತ್ತು ಮಾಡು ಇವೆಲ್ಲ ಬೆಸುಗೆಯವು. ಈಗಿನ ಸಣ್ಣ ಕಾರುಗಳಿಗೆ ಪ್ರತ್ಯೇಕವಾದ ಚಾಸಿ ಎಂಬುದು ಇಲ್ಲ. ಬೆಸುಗೆ ಹಾಕಿದ ಈ ಗೂಡೇ ಚಾಸಿ. ಆದ್ದರಿಂದ ನಿಮ್ಮ ಕಣ್ಣು ಫೆಂಡರಿನಲ್ಲಿ ನಿಲ್ಲದೆ ಅದರ ಹಿಂದಿರುವ ಏಪ್ರನ್ನಿಗೆ ಹೋಗಬೇಕು.

ಅಲ್ಲಿ ಏನನ್ನು ನೋಡಬೇಕು? ಕಾರ್ಖಾನೆಯ ಸ್ಪಾಟ್ ವೆಲ್ಡಿಂಗ್ ಎಂದರೆ ಸಾಲಾಗಿ, ಹೆಚ್ಚುಕಡಿಮೆ ಸಮಾನ ಅಂತರದಲ್ಲಿ ಬೆರಳಿನಿಂದ ಒತ್ತಿದ ಹಾಗಿರುವ ಸಣ್ಣ ದುಂಡು ತಗ್ಗುಗಳು. ಎಡಬದಿಯಲ್ಲಿ ಅವು ಎಷ್ಟಿವೆ, ಎಲ್ಲಿವೆ ಎಂದು ನೋಡಿ, ಆಮೇಲೆ ಬಲಬದಿ ನೋಡಿ. ಒಂದು ಬದಿಯಲ್ಲಿ ತಗ್ಗುಗಳು ಕಾಣದೆ ನುಣುಪಾಗಿದ್ದರೆ, ಅಥವಾ ತಗ್ಗಿನ ಬದಲು ಉಬ್ಬಿದ, ಗ್ರೈಂಡರ್ ತಾಗಿಸಿದ ಗುರುತುಗಳಿದ್ದರೆ ಅಲ್ಲಿ ಕೈ ಆಡಿಸಿದ್ದಾರೆಂದು ತಿಳಿಯಬೇಕು. ಸಂದುಗಳಿಗೆ ಹಚ್ಚಿದ ಸೀಲರನ್ನೂ ಹೀಗೆಯೇ ನೋಡಿ. ಕಾರ್ಖಾನೆಯದ್ದು ಒಂದೇ ಹದದಲ್ಲಿರುತ್ತದೆ. ಕೈಯಿಂದ ಬಳಿದದ್ದು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಬ್ರಷ್ಷಿನ ಗೆರೆಗಳನ್ನು ಉಳಿಸಿಕೊಂಡಿರುತ್ತದೆ. ಚಾಸಿ ಲೆಗ್ಗಿನ ಮುಂಭಾಗದಲ್ಲಿ ಅಡ್ಡ ಮಡಿಕೆಗಳು, ತೂತುಗಳು ಕಂಡರೆ ಗಾಬರಿ ಬೇಡ. ಡಿಕ್ಕಿಯಾದಾಗ ಅಲ್ಲಿಂದಲೇ ಕ್ರಮವಾಗಿ ಮಡಚಿಕೊಳ್ಳಲಿ ಎಂದು ಕೆಲವು ಕಾರುಗಳಲ್ಲಿ ಮೊದಲೇ ಹಾಗೆ ರೂಪಿಸಿರುತ್ತಾರೆ. ಎರಡು ಬದಿಗಳಲ್ಲೂ ಅವು ಒಂದೇ ರೀತಿ ಇದ್ದರೆ ಸರಿ, ಒಂದೇ ಬದಿಯಲ್ಲಿ ಸುಕ್ಕಿದ್ದರೆ ಅದು ಪೆಟ್ಟು.

ಇನ್ನೊಂದು ಗುರುತನ್ನು ಹೊರಗಿನವರು ನೋಡುವುದೇ ಇಲ್ಲ. ರನ್ನಿಂಗ್ ಬೋರ್ಡಿನ ಕೆಳಗೆ, ಜಾಕ್ ಕೊಡುವ ಜಾಗದಲ್ಲಿ, ಕೆಳಮುಖವಾಗಿ ಒಂದು ತಗಡಿನ ಅಂಚು ಇಳಿದಿರುತ್ತದೆ. ಮೈ ಸೊಟ್ಟಗಾದ ಕಾರನ್ನು ಬೆಂಚಿನ ಮೇಲೆ, ಅಂದರೆ ಮೈಯನ್ನು ಎಳೆದು ಅಳತೆಗೆ ತರುವ ಕಬ್ಬಿಣದ ಚೌಕಟ್ಟಿನ ಮೇಲೆ, ಎಳೆಯುವಾಗ ಅದನ್ನು ಹಿಡಿದಿಡುವುದು ಈ ಅಂಚಿನಲ್ಲಿಯೇ. ಕ್ಲ್ಯಾಂಪಿಗೆ ಹಲ್ಲುಗಳಿರುವುದರಿಂದ ಅಂಚಿನಲ್ಲಿ ಕಚ್ಚಿದ ಗುರುತು ಸಾಲಾಗಿ ಉಳಿಯುತ್ತದೆ. ಜಾಕಿನಿಂದ ಅಂಚು ಬಾಗುವುದು ಬೇರೆ, ಹಲ್ಲಿನ ಸಾಲು ಬೇರೆ. ನಾಲ್ಕು ಕಡೆಯೂ ಹಲ್ಲಿನ ಗುರುತಿದ್ದರೆ ಆ ಕಾರು ಒಮ್ಮೆ ಬೆಂಚು ಏರಿ ಬಂದಿದೆ ಎಂಬುದರಲ್ಲಿ ನನಗೆ ಸಂಶಯವಿರುವುದಿಲ್ಲ.

ಹಿಂದಿನ ಪೆಟ್ಟಿಗೆ ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿಯನ್ನು ಹೊರಗಿಟ್ಟು, ಅದು ಕೂರುವ ಗುಂಡಿಯ ಅಂಚನ್ನು ಬೆರಳಿನಿಂದ ಸವರಿ ನೋಡಿ. ಬದಿಯ ಪೆಟ್ಟಿಗೆ ಬಾಗಿಲ ರಬ್ಬರನ್ನು ಮೆಲ್ಲನೆ ಎಳೆದು, ನಡುವಿನ ಪಿಲ್ಲರಿನ ಅಂಚಿನಲ್ಲಿ ಸ್ಪಾಟ್ ತಗ್ಗುಗಳಿವೆಯೇ ಎಂದು ನೋಡಿ. ರಬ್ಬರನ್ನು ಮರಳಿ ಕೂರಿಸಲು ಅರ್ಧ ನಿಮಿಷ ಸಾಕು. ಅಷ್ಟಕ್ಕೂ ಬಿಡದ ಮಾಲೀಕರ ಕಾರನ್ನು ನಾನಾದರೆ ಕೊಳ್ಳುವುದಿಲ್ಲ.

ಮುಳ್ಳೇರಿಯದ ಜೀಪಿನವ

ಉಪ್ಪಳದ ಅಣ್ಣ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಹೊಸಬರು ಇದನ್ನು ಓದಿ ಯಾವ ಕಾರನ್ನೂ ಕೊಳ್ಳದ ಹಾಗೆ ಆಗಬಾರದು. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಹತ್ತು ವರ್ಷ ಓಡಿದ ವಾಹನಕ್ಕೆ ಎಲ್ಲಿಯೂ ಏನೂ ತಾಗಿರಬಾರದು ಎಂದರೆ ಹೇಗೆ? ನನ್ನದು ಚಾಸಿಯ ಮೇಲೆ ಬಾಡಿ ಕೂರಿಸಿದ ಬೊಲೆರೊ. ಅದರ ಬಾಡಿಗೆ ಎರಡು ಸಲ ಪೆಟ್ಟಾಗಿದೆ, ಚಾಸಿಗೆ ಏನೂ ಆಗಿಲ್ಲ, ಇಂದಿಗೂ ತೋಟಕ್ಕೆ ಇಳಿದು ಹತ್ತುತ್ತದೆ.

ಉಪ್ಪಳದ ಬಾಡಿ ಕೆಲಸದವ

ನಿಮ್ಮ ವಾಹನದ ಲೆಕ್ಕ ಬೇರೆ. ಬೊಲೆರೊ, ಸ್ಕಾರ್ಪಿಯೊ, ಇನ್ನೋವಾ ಕ್ರಿಸ್ಟಾದಂಥವುಗಳಲ್ಲಿ ಏಣಿಯ ಹಾಗಿರುವ ಚಾಸಿ ಕೆಳಗಿರುತ್ತದೆ, ಬಾಡಿ ಅದರ ಮೇಲೆ ರಬ್ಬರ್ ಮೌಂಟುಗಳಲ್ಲಿ ಕೂರುತ್ತದೆ. ಅಂಥ ವಾಹನದಲ್ಲಿ ಬಾಡಿಯ ಪೆಟ್ಟು ಚಾಸಿಗೆ ಇಳಿಯದೆ ಹೋಗಬಹುದು. ಹಾಗೆಯೇ ಚಾಸಿ ತಿರುಚಿಕೊಂಡಿದ್ದರೂ ಬಾಡಿ ಚೆನ್ನಾಗಿಯೇ ಕಾಣಬಹುದು. ಕೊಳ್ಳುವವರು ಅಡಿಗೆ ಇಳಿದು ಎರಡು ಉದ್ದದ ಕಂಬಿಗಳನ್ನು ಮುಂದಿನಿಂದ ಹಿಂದಿನವರೆಗೆ ನೋಡಬೇಕು. ಅಡ್ಡಪಟ್ಟಿಗಳು ಸೇರುವಲ್ಲಿ ಹೊಸ ಬೆಸುಗೆ, ಒಂದೇ ಕಡೆಗೆ ಬಳಿದ ಹೊಸ ಕಪ್ಪು ಬಣ್ಣ, ಚಾಸಿ ನಂಬರ್ ಕೊರೆದ ಜಾಗದ ಸುತ್ತ ಗ್ರೈಂಡರಿನ ಗುರುತು ಇವೆಯೇ ಎಂದು ಪರೀಕ್ಷಿಸಬೇಕು. ಮಾಷ್ಟ್ರ ಹ್ಯಾಚ್‌ಬ್ಯಾಕಿನಲ್ಲಿ ಬಾಡಿಗೆ ಆದದ್ದೇ ಚಾಸಿಗೆ ಆದದ್ದು.

ಮಂಜೇಶ್ವರದ ಉಪನ್ಯಾಸಕಿ

ನಾನು ಲೋಹಶಾಸ್ತ್ರ ಕಲಿಸುವವಳು. ಪೆಟ್ಟಾದ ಭಾಗವನ್ನು ಎಳೆದು ನೇರ ಮಾಡಿದರೆ ಸಾಲದೇ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ.

ಅಡಿಕೆಯ ಹಾಳೆಯನ್ನು ನೆನಪಿಸಿಕೊಳ್ಳಿ. ಚಪ್ಪಟೆಯಾಗಿರುವಾಗ ಅದು ಎತ್ತ ಬೇಕಾದರೂ ಬಾಗುತ್ತದೆ. ಅದನ್ನೇ ಮಡಚಿ ಮುಟ್ಟಾಳೆ ಮಾಡಿದರೆ ತಲೆಯ ಮೇಲೆ ಹೊರೆ ಹೊತ್ತರೂ ರೂಪ ಬಿಡುವುದಿಲ್ಲ. ತೆಳುವಾದ ತಗಡಿಗೆ ಬಲ ಬರುವುದು ಮಡಿಕೆಯಿಂದ, ಆಕಾರದಿಂದ. ಕಾರಿನ ಗೂಡು ಕೂಡ ಹೀಗೆಯೇ ತೆಳುತಗಡುಗಳನ್ನು ಪೆಟ್ಟಿಗೆಯಾಕಾರಕ್ಕೆ ಮಡಚಿ ಬೆಸೆದದ್ದು. ಆ ಆಕಾರ ಒಮ್ಮೆ ಕುಸಿದರೆ ಮತ್ತೆ ಎಳೆದಾಗ ಹೊರಗಿನ ರೇಖೆ ಬರಬಹುದು, ಆದರೆ ಕುಸಿದ ಗೆರೆಯಲ್ಲಿ ಲೋಹ ಬದಲಾಗಿರುತ್ತದೆ. ತಣ್ಣಗಿರುವಾಗಲೇ ಬಾಗಿಸಿ ಮತ್ತೆ ನೇರ ಮಾಡಿದ ಉಕ್ಕು ಆ ಜಾಗದಲ್ಲಿ ಗಡುಸಾಗಿ, ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ, ಸೂಕ್ಷ್ಮ ಬಿರುಕುಗಳೂ ಹುಟ್ಟಬಹುದು. ಎಳೆಯಲು ಸುಲಭವಾಗಲೆಂದು ಗ್ಯಾಸ್ ಜ್ವಾಲೆ ಹಿಡಿದರೆ ಇದಕ್ಕೆ ವಿರುದ್ಧವಾಗಿ ಅದು ಮೆತ್ತಗಾಗುತ್ತದೆ.

ಹೊಸ ಕಾರುಗಳಲ್ಲಿ ಈ ಎರಡನೆಯ ಅಪಾಯ ದೊಡ್ಡದು. ನಡುಪಿಲ್ಲರಿನಂಥ ಕಡೆ ಬಳಸುವ ಬೋರಾನ್ ಉಕ್ಕನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಅಚ್ಚಿನೊಳಗೇ ಒತ್ತಿ ಒಮ್ಮೆಲೇ ತಣಿಸುತ್ತಾರೆ. ಹೀಗೆ ಅದು 1,500 ಮೆಗಾಪಾಸ್ಕಲ್‌ನಷ್ಟು ಕರ್ಷಣ ಬಲ (ಎಳೆತವನ್ನು ತಡೆಯುವ ಶಕ್ತಿ) ಪಡೆಯುತ್ತದೆ. ಅದೇ ಉಕ್ಕನ್ನು ಮತ್ತೆ ಕಾಯಿಸಿ ನಿಧಾನವಾಗಿ ತಣಿಯಲು ಬಿಟ್ಟರೆ ಗಳಿಸಿದ ಬಲದ ಬಹುಪಾಲು ಹೋಗಿಬಿಡುತ್ತದೆ. ಆದ್ದರಿಂದ ಅಂಥ ಭಾಗವನ್ನು ನೇರ ಮಾಡುವಂತಿಲ್ಲ, ಹೊಸದನ್ನೇ ಹಾಕಬೇಕು. ಮೇಲೆ ಬಣ್ಣ ಬಳಿದ ಮೇಲೆ ಬಲ ಉಳಿದಿದೆಯೋ ಇಲ್ಲವೋ ಎಂದು ಕಣ್ಣಿಗೆ ಕಾಣುವುದಿಲ್ಲ. ಕಾಯಿಸಿದ ಗುರುತು ಸಿಗುವುದು ಬಣ್ಣ ತಲುಪದ ಒಳಮೈಯಲ್ಲಿ: ಸುಟ್ಟ ಸೀಲರ್, ಕಂದಿದ ಪ್ರೈಮರ್, ಅಥವಾ ಬೇರೆಲ್ಲೂ ಇಲ್ಲದೆ ಆ ಒಂದೇ ಕಡೆ ಒಳಗಿನಿಂದ ಎದ್ದ ತುಕ್ಕು.

ಮುಂದಿನ ಚಾಸಿ ಲೆಗ್ ಎಷ್ಟು ವೇಗದಲ್ಲಿ ಮಡಚಿಕೊಳ್ಳಬೇಕು ಎಂಬ ಲೆಕ್ಕದ ಮೇಲೆಯೇ ಏರ್‌ಬ್ಯಾಗ್ ತೆರೆಯುವ ಕ್ಷಣವನ್ನೂ ನಿಗದಿ ಮಾಡಿರುತ್ತಾರೆ. ಲೆಗ್ ಮೆತ್ತಗಾಗಿದ್ದರೂ ತೊಂದರೆ, ಅತಿ ಗಡುಸಾಗಿದ್ದರೂ ತೊಂದರೆ.

ಪೆರ್ಲದಿಂದ ಒಬ್ಬಳು

ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ಮಾಷ್ಟ್ರಿಗೆ ಉಪಯೋಗವಾಗಬಹುದು. ಕೆಲವು ವರ್ಷಗಳ ಹಿಂದೆ ಗಡಿಯಾಚೆಯ ಒಬ್ಬ ವ್ಯಾಪಾರಿಯಿಂದ ಮಂಗಳೂರಿನ ಕೆಎ 19 ನೋಂದಣಿಯ ಕಾರನ್ನು ಕೊಂಡೆವು. ನೋಡಲು ಹೊಸದರ ಹಾಗಿತ್ತು. ಮನೆಗೆ ತಂದ ಮೊದಲ ವಾರದಲ್ಲೇ ಸ್ಟಿಯರಿಂಗ್ ಎಡಕ್ಕೆ ಎಳೆಯತೊಡಗಿತು. ವೀಲ್ ಅಲೈನ್‌ಮೆಂಟ್ ಮಾಡಿಸಿದೆವು, ಎರಡು ತಿಂಗಳಿಗೆ ಮತ್ತೆ ಎಳೆಯಿತು. ಹೀಗೆ ಮೂರು ಸಲ. ಒಂಬತ್ತು ಸಾವಿರ ಕಿಲೋಮೀಟರಿಗೆ ಮುಂದಿನ ಎಡ ಟೈರಿನ ಒಳಅಂಚು ತಂತಿ ಕಾಣುವಷ್ಟು ಸವೆದಿತ್ತು. ಟೈರನ್ನು ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ, ಆದ್ದರಿಂದ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಒಳಅಂಚನ್ನು ಕೈಯಿಂದ ಮುಟ್ಟಿ ನೋಡಬೇಕು.

ಮಳೆಗಾಲ ಬಂದಾಗ ಚಾಲಕರ ಪಕ್ಕದ ಎಡ ಸೀಟಿನವರ ಕಾಲ ಕೆಳಗಿನ ಕಾರ್ಪೆಟ್ ಒದ್ದೆಯಾಗತೊಡಗಿತು. ನಮ್ಮ ಕಡೆಯ ಮಳೆಗೆ ಸಣ್ಣ ಬಿರುಕು ಸಾಕಲ್ಲ! ಕೊನೆಗೆ ವಿಟ್ಲದ ಕಡೆಯ ಒಬ್ಬ ಕೆಲಸಗಾರರು ಗಾಡಿಯನ್ನು ಲಿಫ್ಟಿಗೆ ಏರಿಸಿ ತೋರಿಸಿದಾಗ ನಮಗೆ ಮಾತೇ ಹೊರಡಲಿಲ್ಲ. ಎಡ ಏಪ್ರನ್ನನ್ನು ಅರ್ಧಕ್ಕೆ ಕತ್ತರಿಸಿ ಇನ್ನೊಂದು ತುಂಡನ್ನು ಸೇರಿಸಿದ್ದರು, ಬೆಸುಗೆ ಅಲ್ಲಲ್ಲಿ ಬಿಟ್ಟಿತ್ತು, ನೀರು ಬರುತ್ತಿದ್ದದ್ದು ಅಲ್ಲಿಂದಲೇ.

ಅದಕ್ಕಿಂತ ಹೆಚ್ಚು ನೋವಾದದ್ದು ಇನ್ನೊಂದಕ್ಕೆ. ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಒಮ್ಮೆ ಉರಿದು, ಕೆಲವು ಸೆಕೆಂಡುಗಳಲ್ಲಿ ಆರಬೇಕು. ನಮ್ಮದರಲ್ಲಿ ಅದು ಉರಿಯುತ್ತಲೇ ಇರಲಿಲ್ಲ. ದೀಪ ಇಲ್ಲವೆಂದರೆ ದೋಷ ಇಲ್ಲವೆಂದು ನಾವು ನೆಮ್ಮದಿಯಿಂದ ಇದ್ದೆವು. ಏರ್‌ಬ್ಯಾಗ್ ಮೊದಲೇ ಸಿಡಿದುಹೋಗಿ, ಸ್ಟಿಯರಿಂಗಿನ ಮುಚ್ಚಳವನ್ನಷ್ಟೇ ಹೊಸದಾಗಿ ಕೂರಿಸಿ, ದೀಪದ ಸಂಪರ್ಕವನ್ನೇ ಕಿತ್ತಿದ್ದರು. ಒಂದೂವರೆ ವರ್ಷ ಮಕ್ಕಳನ್ನು ಅದರಲ್ಲಿ ಶಾಲೆಗೆ ಕರೆದುಕೊಂಡು ಹೋಗಿದ್ದೇನೆ. ಮಾಷ್ಟ್ರೇ, ದಯವಿಟ್ಟು ಕೀಲಿ ತಿರುಗಿಸಿದ ಆ ಮೊದಲ ಐದು ಸೆಕೆಂಡು ಮೀಟರನ್ನೇ ನೋಡಿ. ಸೀಟ್ ಬೆಲ್ಟನ್ನೂ ಪೂರ್ತಿ ಹೊರಗೆಳೆದು ನೋಡಿ. ಬುಡದಲ್ಲಿ ಹೊಲಿದ ಚೀಟಿಯಲ್ಲಿ ತಯಾರಿಕೆಯ ಕಾಲವಿದ್ದರೆ ಅದು ಕಾರಿನ ಕಾಲಕ್ಕೆ ಹೊಂದಬೇಕು.

ಕಾಸರಗೋಡಿನ ವಿಮಾ ಸರ್ವೇಯರ್

ಅಕ್ಕನ ಅನುಭವವನ್ನು ಓದಿ ಬೇಸರವಾಯಿತು. ಇಂಥವು ನಮ್ಮ ಕಣ್ಣಿಗೆ ಬೀಳುವುದು ಎರಡನೆಯ ಅಪಘಾತ ಆದ ಮೇಲೆ. ಕಾಗದಗಳ ಕಡೆಯಿಂದ ಏನು ತಿಳಿಯಬಹುದು, ಏನು ತಿಳಿಯದು ಎಂಬುದನ್ನು ಹೇಳುತ್ತೇನೆ.

ವಿಮಾ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಂಬ ಸಾಲು ಇರುತ್ತದೆ. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ಶೇ. 20, ಆಮೇಲೆ 25, 35, 45, ಐದು ವರ್ಷಕ್ಕೆ 50. ಒಂದು ಕ್ಲೇಮ್ ಆದರೆ ಮುಂದಿನ ನವೀಕರಣದಲ್ಲಿ ಅದು ಸೊನ್ನೆಗೆ ಇಳಿಯುತ್ತದೆ. ಹಾಗಾಗಿ ಕಳೆದ ಮೂರು ನಾಲ್ಕು ವರ್ಷಗಳ ಪಾಲಿಸಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾವ ವರ್ಷ ಏರಿಕೆ ಮುರಿದಿದೆ ಎಂದು ಕಾಣುತ್ತದೆ. ಆದರೆ ಒಂದು ಎಚ್ಚರ ಬೇಕು. ಈ ಬೋನಸ್ ಕಾರಿನದ್ದಲ್ಲ, ಮಾಲೀಕನದ್ದು. ಕಾರು ಕೈ ಬದಲಾದ ವರ್ಷದಲ್ಲಿ ಸೊನ್ನೆ ಇದ್ದರೆ ಅದು ಅಪಘಾತದ ಗುರುತಾಗಿರಬೇಕೆಂದಿಲ್ಲ. ಅದೇ ರೀತಿ, ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದ ವರ್ಷಗಳಲ್ಲಿ ಸ್ವಂತ ಖರ್ಚಿನಿಂದ ಮಾಡಿಸಿದ ರಿಪೇರಿಯ ಸುಳಿವು ವಿಮೆಯ ಯಾವ ಕಾಗದದಲ್ಲೂ ಸಿಗುವುದಿಲ್ಲ.

"ಟೋಟಲ್ ಲಾಸ್ ಆದ ಗಾಡಿಯಂತೆ" ಎಂದು ಕೇಳಿದ ತಕ್ಷಣ ಗೂಡು ನುಚ್ಚುನೂರಾಗಿದೆ ಎಂದೂ ತೀರ್ಮಾನಿಸಬಾರದು. ರಿಪೇರಿಯ ವೆಚ್ಚ ಕಾರಿನ ಐಡಿವಿಯ (ಪಾಲಿಸಿಯಲ್ಲಿ ನಮೂದಿಸಿದ ಕಾರಿನ ಮೌಲ್ಯ) ಶೇ. 75ನ್ನು ಮೀರಿದರೆ ಅದನ್ನು ಟೋಟಲ್ ಲಾಸ್ ಎಂದು ಪರಿಗಣಿಸುವುದು ಪದ್ಧತಿ. ನಾಲ್ಕು ದಾಟಿ ಐದನೆಯ ವರ್ಷದಲ್ಲಿರುವ ಕಾರಿಗೆ ಶೇ. 50 ಸವಕಳಿ ಕಳೆಯುವುದರಿಂದ, ಹಳೆಯ ಕಾರು ಆ ಗೆರೆಯನ್ನು ಬೇಗನೆ ಮುಟ್ಟುತ್ತದೆ. ಹೊಸ ಕಾರು ಟೋಟಲ್ ಲಾಸ್ ಆಗಿತ್ತೆಂದರೆ ಮಾತ್ರ ಪೆಟ್ಟು ನಿಜಕ್ಕೂ ದೊಡ್ಡದೆಂದು ತಿಳಿಯಿರಿ. ಅಂಥ ಗಾಡಿಗಳು ಸಾಲ್ವೇಜ್ ಆಗಿ, ಅಂದರೆ ಹಾಳಾದ ಸ್ಥಿತಿಯಲ್ಲೇ ಮಾರಾಟವಾಗಿ, ರಿಪೇರಿಯಾಗಿ ಮತ್ತೆ ರಸ್ತೆಗೆ ಬರುತ್ತವೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಗಾಡಿ ಕೆಎಲ್ 14 ಆಗಿದ್ದರೂ ದೊಡ್ಡ ಬಾಡಿ ಕೆಲಸ ಮಂಗಳೂರಿನಲ್ಲಿಯೋ ಪುತ್ತೂರಿನಲ್ಲಿಯೋ ನಡೆದಿರಬಹುದು. ಆದ್ದರಿಂದ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸುವಾಗ ಗಡಿಯ ಈಚೆಗೂ ಆಚೆಗೂ ಕೇಳಿಸಿ. ಮಾಲೀಕರನ್ನು ಜೊತೆಗೆ ಕರೆದೊಯ್ದರೆ ಮಾಹಿತಿ ಸಿಗುವುದು ಸುಲಭ. ಬಾಡಿ ಶಾಪಿನ ಬಿಲ್ಲು ಸಿಕ್ಕಿದರೆ ಮೊತ್ತ ನೋಡಿ ಬಿಡಬೇಡಿ, ಬಿಡಿಭಾಗಗಳ ಹೆಸರನ್ನು ಓದಿ. ಬಂಪರ್, ಹೆಡ್‌ಲೈಟ್, ಫೆಂಡರ್ ಇದ್ದರೆ ಅದು ಹೊರಪೆಟ್ಟು. ಏಪ್ರನ್, ಮೆಂಬರ್, ಪಿಲ್ಲರ್ ಎಂಬ ಪದಗಳು ಕಂಡರೆ ಉಪ್ಪಳದವರು ಹೇಳಿದ ಬೆಸುಗೆಯ ಭಾಗಕ್ಕೆ ಕೈ ಹೋಗಿದೆ ಎಂದರ್ಥ. ಬಿಲ್ಲು ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದು ಅರ್ಥವಾಗದಿದ್ದರೆ ಹೆಸರು, ನಂಬರು ಮರೆಮಾಡಿ ಇಲ್ಲಿ ಹಾಕಿ, ನಾನು ಓದಿ ಹೇಳುತ್ತೇನೆ.

ನೀರ್ಚಾಲಿನ ಮಾಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಮಾಲೀಕರ ಬಳಿ ಎರಡು ವರ್ಷದ ಪಾಲಿಸಿಗಳಷ್ಟೇ ಇವೆ, ಅವರೇ ಕೊಂಡ ಮೇಲಿನವು. ಏರ್‌ಬ್ಯಾಗ್ ದೀಪ ಸರಿಯಾಗಿ ಉರಿದು ಆರುತ್ತದೆ. ಬಲ ಏಪ್ರನ್ನಿನಲ್ಲಿ ಸ್ಪಾಟ್ ತಗ್ಗುಗಳು ಮೇಲಿನ ಸಾಲಿನಲ್ಲಿವೆ, ಕೆಳಗೆ ಕಪ್ಪು ಕೋಟಿಂಗ್ ಇರುವುದರಿಂದ ಏನೂ ತಿಳಿಯಲಿಲ್ಲ. ಭಾನುವಾರ ಕಾರನ್ನು ನಮ್ಮ ಮನೆಗೆ ತಂದು ನೋಡಲು ಅವರು ಒಪ್ಪಿದ್ದಾರೆ. ಮನೆಯಲ್ಲಿಯೇ ಅಳೆದು ನೋಡುವ ವಿಧಾನ ಏನಾದರೂ ಇದೆಯೇ? ನಾನು ಗಣಿತ ಕಲಿಸುವವನು, ಅಳತೆಯನ್ನು ಜಾಗ್ರತೆಯಿಂದ ಮಾಡಬಲ್ಲೆ.

ಉಪ್ಪಳದ ಬಾಡಿ ಕೆಲಸದವ

ನಿಮ್ಮಲ್ಲಿ ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ಇದ್ದೇ ಇರುತ್ತದೆ. ಅದಕ್ಕಿಂತ ಒಳ್ಳೆಯ ಜಾಗ ಬೇಡ. ಮೊದಲು ಅಂಗಳ ಸಮತಟ್ಟಾಗಿದೆಯೇ ಎಂದು ನೋಡಿ. ನೀರು ಹೋಗಲು ಇಳಿಜಾರು ಕೊಟ್ಟಿದ್ದರೆ ಇಳಿಜಾರು ಕಡಿಮೆ ಇರುವ ಭಾಗದಲ್ಲಿ ನಿಲ್ಲಿಸಿ. ನಾಲ್ಕೂ ಟೈರುಗಳಿಗೆ ಹೇಳಿದಷ್ಟು ಗಾಳಿ ಹಾಕಿಸಿ. ಸ್ಟಿಯರಿಂಗ್ ನೇರ ಇಟ್ಟು ಕಾರನ್ನು ಹತ್ತಡಿ ಮುಂದಕ್ಕೆ ಉರುಳಿಸಿ ನಿಲ್ಲಿಸಿ, ಬ್ರೇಕ್ ಒತ್ತದೆ ಚಕ್ರಕ್ಕೆ ಕಲ್ಲು ಕೊಡಿ.

ಮೊದಲ ಅಳತೆ ಚಕ್ರದ ನಡುವಿನಿಂದ ಚಕ್ರದ ನಡುವಿಗೆ, ಎಡಬದಿಯಲ್ಲಿ ಒಮ್ಮೆ, ಬಲಬದಿಯಲ್ಲಿ ಒಮ್ಮೆ. ಇವೆರಡೂ ಸಮ ಇರಬೇಕು. ಕೈಯಳತೆಯಲ್ಲಿ ಮೂರು ನಾಲ್ಕು ಮಿಲಿಮೀಟರ್ ಹೆಚ್ಚುಕಡಿಮೆ ಬಂದರೆ ಚಿಂತೆಯಿಲ್ಲ. ಎರಡನೆಯ ಅಳತೆ ಕರ್ಣದ್ದು. ಕಾರಿನ ಅಡಿಯಲ್ಲಿ ಎಡಬಲಗಳಲ್ಲಿ ಒಂದೇ ರೀತಿ ಇರುವ ನಾಲ್ಕು ಬಿಂದುಗಳನ್ನು ಆರಿಸಿಕೊಳ್ಳಿ. ಮುಂದೆ ಕ್ರಾಸ್ ಮೆಂಬರನ್ನು (ಎಂಜಿನ್ನಿನ ಕೆಳಗಿನ ಅಡ್ಡಪಟ್ಟಿ) ಮೈಗೆ ಬಿಗಿದ ಬೋಲ್ಟುಗಳು, ಹಿಂದೆ ಆಕ್ಸಿಲ್ ಮೈಗೆ ಸೇರುವ ಬೋಲ್ಟುಗಳು ಸೂಕ್ತ. ಗಾರೆಯವರ ತೂಗುಗುಂಡನ್ನು ಪ್ರತಿ ಬೋಲ್ಟಿನ ನಡುವಿನಿಂದ ಇಳಿಬಿಟ್ಟು, ಅದು ನೆಲವನ್ನು ತೋರಿಸುವಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಆಮೇಲೆ ಕಾರನ್ನು ಹಿಂದಕ್ಕೆ ತಳ್ಳಿದರೆ ನೆಲದ ಮೇಲೆ ನಾಲ್ಕು ಗುರುತುಗಳು ಉಳಿಯುತ್ತವೆ. ಎರಡು ಕರ್ಣಗಳನ್ನು ಅಳೆಯಿರಿ. ಕಾರಿನ ಕೆಳಗೆ ತೆವಳುವಾಗ ಜಾಕನ್ನು ಮಾತ್ರ ನಂಬಬೇಡಿ, ಎತ್ತದೆ ಇದ್ದರೆ ಇನ್ನೂ ಒಳ್ಳೆಯದು. ಒಂದು ಅಳತೆಯನ್ನು ಮೂರು ಸಲ ಮಾಡಿ. ನಿಮ್ಮದೇ ಕೈ ಎಷ್ಟು ತಪ್ಪುತ್ತದೆ ಎಂದು ಮೊದಲು ತಿಳಿಯಬೇಕು.

ಮೂರನೆಯದಕ್ಕೆ ಟೇಪು ಬೇಡ. ಅಂಗಳದ ಒಂದು ಕಡೆ ನೀರು ಚೆಲ್ಲಿ, ಕಾರನ್ನು ಅದರ ಮೇಲಿಂದ ನೇರವಾಗಿ ಒಣನೆಲಕ್ಕೆ ಓಡಿಸಿ. ಹಿಂದಿನ ಚಕ್ರದ ಒದ್ದೆ ಗುರುತು ಮುಂದಿನದರ ಮೇಲೆ ಎರಡು ಬದಿಗಳಲ್ಲೂ ಒಂದೇ ರೀತಿ ಕೂರಬೇಕು. ಒಂದು ಬದಿಯಲ್ಲಿ ಒಳಗೆ, ಇನ್ನೊಂದು ಬದಿಯಲ್ಲಿ ಹೊರಗೆ ಸರಿದಿದ್ದರೆ ಕಾರು ಏಡಿಯ ಹಾಗೆ ಓರೆಯಾಗಿ ನಡೆಯುತ್ತಿದೆ.

ಬಣ್ಣದ ದಪ್ಪ ಅಳೆಯುವ ಗೇಜ್ ಸಿಕ್ಕಿದರೆ ಅದನ್ನೂ ತನ್ನಿ. ಕಾರ್ಖಾನೆಯ ಬಣ್ಣ ಹೆಚ್ಚಾಗಿ 80ರಿಂದ 150 ಮೈಕ್ರಾನ್ ಒಳಗೆ ಇರುತ್ತದೆ, ಮತ್ತೊಮ್ಮೆ ಬಳಿದಲ್ಲಿ 200 ದಾಟುತ್ತದೆ, ಪುಟ್ಟಿ ಇದ್ದಲ್ಲಿ ಹಲವು ನೂರು ತೋರಿಸುತ್ತದೆ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅಲ್ಲಿ ಗೇಜ್ ಓದುವುದಿಲ್ಲ. ಬಾಗಿಲಿನ ಪುಟ್ಟಿಗೆ ನಾನು ಹೆದರುವುದಿಲ್ಲ. ಪಿಲ್ಲರಿನಲ್ಲೋ ಮಾಡಿನಲ್ಲೋ ಪುಟ್ಟಿ ಸಿಕ್ಕಿದರೆ ಅಲ್ಲಿಗೆ ನಿಲ್ಲಿಸುತ್ತೇನೆ.

ನೀರ್ಚಾಲಿನ ಮಾಷ್ಟ್ರು

ಇಂದು ಬೆಳಗ್ಗೆ ಅಳೆದೆವು. ಮಾಲೀಕರೇ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡಿದ್ದರು. ಮೂರು ಸಲದ ಅಳತೆಗಳ ನಡುವೆ 2 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ.

ಚಕ್ರಾಂತರ ಎಡದಲ್ಲಿ 2,449, ಬಲದಲ್ಲಿ 2,437 ಮಿಲಿಮೀಟರ್. ಅಂದರೆ ಮುಂದಿನ ಬಲ ಚಕ್ರ 12 ಮಿಲಿಮೀಟರ್ ಹಿಂದೆ ಇದೆ. ಅಡಿಯ ಕರ್ಣಗಳಲ್ಲಿ ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಹೋಗುವುದು ಇನ್ನೊಂದಕ್ಕಿಂತ 8 ಮಿಲಿಮೀಟರ್ ಕಡಿಮೆ. ಒದ್ದೆ ಗುರುತುಗಳಲ್ಲಿ ಹೇಳಿಕೊಳ್ಳುವಂಥ ಓರೆ ಕಾಣಲಿಲ್ಲ. ಮಧ್ಯಾಹ್ನ ಕಾಸರಗೋಡಿನಲ್ಲಿ ಅಲೈನ್‌ಮೆಂಟ್ ಯಂತ್ರಕ್ಕೆ ಏರಿಸಿ ಚೀಟಿ ತೆಗೆಸಿದೆ. ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಬದಿಯಿಂದ ನೋಡಿದಾಗ ವಾಲಿರುವ ಕೋನ) ಎಡದಲ್ಲಿ 4.0 ಡಿಗ್ರಿ, ಬಲದಲ್ಲಿ 2.9 ಡಿಗ್ರಿ, ಸೆಟ್‌ಬ್ಯಾಕ್ (ಒಂದು ಮುಂಚಕ್ರ ಇನ್ನೊಂದಕ್ಕಿಂತ ಹಿಂದಿರುವುದರ ಕೋನ) 0.45 ಡಿಗ್ರಿ. ಎಡ ಬಲ ಮುಂಚಕ್ರಗಳ ನಡುವಿನ ಅಂತರ ಸುಮಾರು ಒಂದೂವರೆ ಮೀಟರ್ ಇರುವುದರಿಂದ 12 ಮಿಲಿಮೀಟರಿಗೆ ಲೆಕ್ಕ ಹಾಕಿದರೂ 0.46 ಬರುತ್ತದೆ. ಅಂಗಳದ ಅಳತೆಯೂ ಯಂತ್ರದ ಅಳತೆಯೂ ಒಂದನ್ನೊಂದು ಒಪ್ಪುತ್ತಿವೆ. ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ ಸರಿಯಾಗಿತ್ತು.

ಮಂಜೇಶ್ವರದ ಉಪನ್ಯಾಸಕಿ

ಅಚ್ಚುಕಟ್ಟಾದ ಕೆಲಸ, ಮಾಷ್ಟ್ರೇ. ಚಕ್ರ ಹಿಂದೆ ಸರಿಯಲು ಎರಡು ಕಾರಣಗಳಿರಬಹುದು. ಲೋವರ್ ಆರ್ಮ್ (ಚಕ್ರವನ್ನು ಮೈಗೆ ಸೇರಿಸುವ ಕೆಳಗಿನ ತೋಳು) ಬಾಗಿದ್ದರೆ ಅದು ಬೋಲ್ಟಿನ ಭಾಗ, ಬದಲಾಯಿಸಿದರೆ ಮುಗಿಯಿತು. ಆದರೆ ಕರ್ಣದ ಬಿಂದುಗಳನ್ನು ನೀವು ಆರ್ಮಿನಲ್ಲಿ ಹಿಡಿದಿಲ್ಲ, ಮೈಗೆ ಬಿಗಿದ ಬೋಲ್ಟುಗಳಲ್ಲಿ ಹಿಡಿದಿದ್ದೀರಿ. ಅಲ್ಲಿಯೂ 8 ಮಿಲಿಮೀಟರ್ ಬಂದಿರುವುದರಿಂದ ಆರ್ಮಿನ ಮೇಲೆ ಮಾತ್ರ ದೋಷ ಹೊರಿಸಲಾಗದು.

ಉಪ್ಪಳದ ಬಾಡಿ ಕೆಲಸದವ

ನನ್ನ ಅಭಿಪ್ರಾಯವೂ ಅದೇ. ಟೋ ಸರಿ ಇರುವುದಕ್ಕೆ ಸಮಾಧಾನಪಡಬೇಡಿ. ಇಂಥ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದೆ ತಿರುಗಿಸಿ ಹೊಂದಿಸಬಹುದಾದದ್ದು ಟೋ ಒಂದೇ, ಅದನ್ನು ಯಾರು ಬೇಕಾದರೂ ಸರಿ ಮಾಡಿ ಕೊಡುತ್ತಾರೆ. ಕ್ಯಾಸ್ಟರ್ ಮೈಯ ಜಾಗಕ್ಕೆ ಅಂಟಿಕೊಂಡದ್ದು. ಒಳ್ಳೆಯ ಬೆಂಚಿನಲ್ಲಿ ಎಳೆದ ಕಾರು 3 ಮಿಲಿಮೀಟರಿನ ಒಳಗೆ ಬರಬೇಕು. ಕೊನೆಯ ಮಾತು ಹೇಳುವ ಮೊದಲು ಒಮ್ಮೆ ಲಿಫ್ಟಿನ ಮೇಲೆ ನೋಡೋಣ, ನಾಳೆ ಸಂಜೆ ಉಪ್ಪಳಕ್ಕೆ ತನ್ನಿ. ಹಣದ ಮಾತು ಬೇಡ.

ನೀರ್ಚಾಲಿನ ಮಾಷ್ಟ್ರು

ನಿನ್ನೆ ಉಪ್ಪಳಕ್ಕೆ ಹೋಗಿ ಬಂದೆವು. ಲಿಫ್ಟಿಗೆ ಏರಿಸಿ ಕಪ್ಪು ಕೋಟಿಂಗನ್ನು ಮಾಲೀಕರ ಒಪ್ಪಿಗೆ ಪಡೆದು ಒಂದು ಅಂಗೈಯಷ್ಟು ಜಾಗದಲ್ಲಿ ಕೆರೆದಾಗ, ಬಲ ಚಾಸಿ ಲೆಗ್ಗಿನ ಒಳಬದಿಯಲ್ಲಿ ಎಡದಲ್ಲಿಲ್ಲದ ಎರಡು ಸುಕ್ಕುಗಳು, ಅವುಗಳ ಸುತ್ತ ಸುಟ್ಟು ಕಂದಿದ ಪ್ರೈಮರ್ ಕಂಡವು. ರನ್ನಿಂಗ್ ಬೋರ್ಡಿನ ಅಂಚಿನಲ್ಲಿ ಹಲ್ಲಿನ ಗುರುತು ಇರಲಿಲ್ಲ. ಬೆಂಚಿಗೆ ಏರಿಸದೆ, ಎಲ್ಲಿಗೋ ಸರಪಳಿ ಕಟ್ಟಿ, ಕಾಯಿಸಿ ಎಳೆದಿರಬೇಕೆಂದು ಉಪ್ಪಳದವರು ಹೇಳಿದರು. ಕಾರಿನ ಮಾಲೀಕರು ಬಹಳ ಹೊತ್ತು ಮೌನವಾಗಿ ನಿಂತಿದ್ದರು. ಅವರೂ ತಮ್ಮ ತಾಯಿಯನ್ನು ಅದರಲ್ಲೇ ಕರೆದುಕೊಂಡು ಓಡಾಡಿದವರು.

ನಾನು ಕಾರನ್ನು ಬಿಟ್ಟಿದ್ದೇನೆ. ಆದರೆ ಅವರ ಸ್ಥಿತಿ ಏನು ಎಂಬುದು ಮನಸ್ಸಿಗೆ ಹತ್ತಿದೆ. ಸರಿ ಮಾಡಿಸಲು ಸಾಧ್ಯವೇ?

ಉಪ್ಪಳದ ಬಾಡಿ ಕೆಲಸದವ

ಸಾಧ್ಯ. ಆ ಲೆಗ್ಗನ್ನು ಮತ್ತೆ ಎಳೆಯಬಾರದು. ತಯಾರಕರು ಸೂಚಿಸಿದ ಜಾಗದಲ್ಲಿ ಕತ್ತರಿಸಿ, ಹೊಸ ಭಾಗವನ್ನು ಬೆಂಚಿನ ಮೇಲೆ ಅಳತೆಗೆ ಕೂರಿಸಿ ಬೆಸೆಯಬೇಕು, ಒಳಗೆ ತುಕ್ಕು ತಡೆಯುವ ಮೇಣ ಹೊಡೆಯಬೇಕು. ಕಡಲ ಗಾಳಿಯ ಉಪ್ಪು ಬೀಳುವ ನಮ್ಮ ಊರಿನಲ್ಲಿ ಮೇಣ ಬಿಟ್ಟ ಬೆಸುಗೆ ಹೆಚ್ಚು ಕಾಲ ನಿಲ್ಲುವುದಿಲ್ಲ. ಎಂಜಿನ್ ಇಳಿಸಬೇಕಾಗುವುದರಿಂದ ಖರ್ಚು ಸಣ್ಣದಲ್ಲ. ಅಲ್ಲಿಯವರೆಗೆ ಹೆದ್ದಾರಿಗೆ ತೆಗೆದುಕೊಂಡು ಹೋಗಬೇಡಿ ಎಂದು ಅವರಿಗೆ ಹೇಳಿ ಕಳುಹಿಸಿದ್ದೇನೆ.

ಕಾಸರಗೋಡಿನ ವಿಮಾ ಸರ್ವೇಯರ್

ಅವರು ಮಾರುವುದೇ ಆದರೆ ಅಳತೆಯ ಚೀಟಿಯನ್ನು ಕೊಳ್ಳುವವರ ಕೈಗೆ ಕೊಟ್ಟು, ಮಾರಾಟದ ಪತ್ರದಲ್ಲಿ ಬಲ ಚಾಸಿ ಲೆಗ್ಗಿನ ಪೆಟ್ಟನ್ನು ಬರೆಯಲಿ. ತಿಳಿದ ಮೇಲೆ ಮುಚ್ಚಿಟ್ಟು ಮಾರಿದರೆ ಹೊಣೆ ಅವರ ಮೇಲೆ ಬರುತ್ತದೆ.

ನೀರ್ಚಾಲಿನ ಮಾಷ್ಟ್ರು

ಅವರಿಗೆ ತಿಳಿಸಿದ್ದೇನೆ. ಮಾರುವ ಯೋಚನೆ ಬಿಟ್ಟು ರಿಪೇರಿಯ ಅಂದಾಜು ಕೇಳಿದ್ದಾರೆ. ನಮಗೆ ಪೈವಳಿಕೆಯಲ್ಲಿ ಇನ್ನೊಂದು ಕಾರು ಇದೆಯೆಂದು ಪರಿಚಯದವರು ಹೇಳಿದ್ದಾರೆ. ಬರುವ ಭಾನುವಾರ ಅದೂ ಅಂಗಳಕ್ಕೆ ಬರುತ್ತದೆ. ಅಳತೆಗಳನ್ನು ಸಂಜೆ ಇಲ್ಲಿ ಬರೆಯುತ್ತೇನೆ.